ವೈಶಾಖದ ಪಾನಕ

ಮಣಿನಗರ, ಅಹಮದಾಬಾದ್
ಮೇ 20, 2024

ನಮಿತಾ,

ಮೇಲಿನ ಡಬ್ಬಿಯಲ್ಲಿ ಅನ್ನ, ನಡುವಿನದರಲ್ಲಿ ತಿಳಿಸಾರು, ಕೆಳಗಿನದರಲ್ಲಿ ಈ ಕಾಗದ. ಹಪ್ಪಳ ಇಡುವ ಜಾಗದಲ್ಲಿ ಕಾಗದ ಇಟ್ಟದ್ದಕ್ಕೆ ಕೋಪ ಮಾಡಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಆಸ್ಪತ್ರೆಗೆ ಬಂದರೆ ಐಸಿಯು ಒಳಗೆ ಮಗುವಿನ ಅಪ್ಪ ಅಮ್ಮ ಎಂದು ನಿನ್ನನ್ನೂ ನಿತಿನನನ್ನೂ ಬಿಟ್ಟು ಇನ್ನೊಬ್ಬರಿಗೆ ಪ್ರವೇಶವಿಲ್ಲ. ಹೊರಗೆ ಕುಳಿತರೆ ನೀನು ಎದ್ದು ಆಚೆ ಬೆಂಚಿಗೆ ಹೋಗುತ್ತೀ. ಇನ್ನು ನನಗೆ ಉಳಿದ ದಾರಿ ಡಬ್ಬಿಯೊಂದೇ. ನಿನ್ನ ಅಪ್ಪನೂ ನಾನೂ ಈ ಹೋಟೆಲು ಹಾಕಿದಂದಿನಿಂದ ಇಡೀ ಮಣಿನಗರಕ್ಕೆ ಡಬ್ಬಿ ಕಳಿಸಿದ್ದೇವೆ, ಒಂದೂ ತಪ್ಪಿ ಬೇರೆ ಮನೆಗೆ ಹೋದದ್ದಿಲ್ಲ. ಇದೂ ನಿನ್ನ ಕೈಗೇ ಬರುತ್ತದೆ.

ಮೊನ್ನೆ ಕಾರಿಡಾರಿನಲ್ಲಿ ಎಲ್ಲರ ಮುಂದೆ ಕೇಳಿದೆಯಲ್ಲ, "ಸಕ್ಕರೆ ಏರಿ ಕೋಮಾಕ್ಕೆ ಹೋದ ಮಗುವಿಗೆ ಲೋಟಗಟ್ಟಲೆ ಬೆಲ್ಲದ ನೀರು ಕುಡಿಸಿದ್ದು ನೀನೇ ಅಲ್ವಾ ಅಮ್ಮ" ಅಂತ. ಹೌದು, ನಾನೇ. ನಡೆದದ್ದನ್ನು ಒಮ್ಮೆ ಸಾವಕಾಶ ಹೇಳುತ್ತೇನೆ.

ಅಕ್ಷಯ ತದಿಗೆಯ ದಿನ ನೀನು ಚೈತ್ರಾಳನ್ನು ಸೂರತ್ತಿನಿಂದ ತಂದು ರಜೆಗೆಂದು ಬಿಟ್ಟು ಸಂಜೆ ಗಾಡಿಗೆ ಹೋದೆ. ವೈಶಾಖವಲ್ಲವೇ, ಹೋಟೆಲಿನ ಬಾಗಿಲಲ್ಲಿ ಪಾನಕದ ಮಡಕೆ ಇಟ್ಟಿದ್ದೆ. ಸ್ಟೇಷನ್ನಿನಿಂದ ಇಳಿದು ಬರುವವರು, ರಿಕ್ಷಾದವರು, ಯಾರೇ ಬರಲಿ ಒಂದು ಲೋಟ. ವೈಶಾಖದಲ್ಲಿ ಬಾಯಾರಿ ಬಂದವರಿಗೆ ಪಾನಕ ಕೊಡುವುದು ನನ್ನ ಅತ್ತೆಯವರು ಹಾಕಿಕೊಟ್ಟ ಪದ್ಧತಿ, ನೀನೂ ಕಂಡದ್ದೇ. ಈ ಸಲ ಸೌಟು ಹಿಡಿದದ್ದು ನಿನ್ನ ಮಗಳು. ಊರಿಗೆ ಒಂದು ಲೋಟ, ತನಗೆ ಎರಡು. "ಅಜ್ಜಿ, ತರಸ್ ಲಾಗಿ ಛೆ, ಹಜೀ ಆಪೋ" ಎಂದು ಬಾಯಾರಿಕೆ ಹೇಳಿ ಇನ್ನಷ್ಟು ಕೇಳುವುದು. ಶುಂಠಿ ಜಾಸ್ತಿ ಹಾಕು ಎನ್ನುವುದು, ಹಾಕಿದರೆ ಮೂಗು ಕೆಂಪು ಮಾಡಿಕೊಂಡು ನಗುವುದು. ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಯಾರಿಗೆ ಬಾಯಾರಿಕೆ ಇಲ್ಲ? ಕೇಳಿದಷ್ಟೂ ಕೊಟ್ಟೆ. ಮತ್ತೆ ಮತ್ತೆ ಬಚ್ಚಲಿಗೆ ಓಡುತ್ತಿದ್ದಳು, ಕುಡಿದದ್ದು ಹೋಗುತ್ತದೆ ಅಂದುಕೊಂಡೆ. ಸೊರಗಿದ್ದಳು, ಎತ್ತರ ಬೆಳೆಯುವ ಪ್ರಾಯ ಅಂದುಕೊಂಡೆ. ಕೊನೆಯ ದಿನ ವಾಂತಿ ಮಾಡಿದಳು. ಬಿಸಿಲು ತಾಗಿತು ಎಂದು ಒಳಗೆ ಮಲಗಿಸಿ, ಚಮಚದಲ್ಲಿ ಅದನ್ನೇ ಕೊಟ್ಟೆ. ಉಸಿರಿನಲ್ಲಿ ಹೆಚ್ಚು ಹಣ್ಣಾದ ಮಾವಿನ ವಾಸನೆ. ಕದ್ದು ಮಾವಿನಹಣ್ಣು ತಿಂದಿದ್ದಾಳೆ ಕಳ್ಳಿ, ಎಂದು ನಕ್ಕೆ ಕೂಡ. ಆಮೇಲೆ ಓಡಿ ಬಂದವಳ ಹಾಗೆ ಏದುಸಿರು. ಕರೆದರೆ ಕಣ್ಣು ಬಿಟ್ಟಳು, ನೋಡಲಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ರಿಕ್ಷಾಕ್ಕೆ ಓಡಿದರು.

ಇಷ್ಟೇ ನನಗೆ ಗೊತ್ತಿರುವುದು. ಸಾರು ಬಿಸಿ ಇರುವಾಗಲೇ ಊಟ ಮಾಡು. ನೀನು ಬಿದ್ದುಕೊಂಡರೆ ಅವಳನ್ನು ನೋಡುವವರು ಯಾರು?

ಅಮ್ಮ


ಮಣಿನಗರ
ಮೇ 24, 2024

ನಮಿತಾ,

ಡಬ್ಬಿ ಕಳಿಸಿದ ಹಾಗೇ ತಿರುಗಿ ಬರುತ್ತಿದೆ. ಅನ್ನದ ಮೇಲೆ ಕೈಯ ಗುರುತೂ ಇಲ್ಲ. ಕಾಗದ ಮಾತ್ರ ಇರಲಿಲ್ಲ, ಅಷ್ಟೇ ಸಮಾಧಾನ.

ಅಪ್ಪ ನಿನ್ನೆ ಡಾಕ್ಟರ್ ಮಂಥನ್ ಭಾಯಿಯವರ ಹತ್ತಿರ ಹೋಗಿ ಕುಳಿತು, "ನನಗೆ ಮಗುವಿಗೆ ಹೇಳುವ ಹಾಗೆ ಹೇಳಿ" ಎಂದರಂತೆ. ನಿನ್ನ ಅಪ್ಪನ ಸಂಗತಿ ಗೊತ್ತುಂಟಲ್ಲ, ಹಯವದನ ರಾಯರು ಗಿರಾಕಿಗೆ ಕೂಡ ಎರಡು ಪ್ರಶ್ನೆ ಕೇಳದೆ ದೋಸೆ ಕೊಡುವವರಲ್ಲ. ಡಾಕ್ಟರು ಹೇಳಿದರಂತೆ, ಮಕ್ಕಳು ಹೀಗೆ ಎಚ್ಚರ ತಪ್ಪಲು ಕಾರಣ ಒಂದೆರಡಲ್ಲ. ಒಬ್ಬರಿಗೆ ಮೆದುಳು ಜ್ವರ, ಒಬ್ಬರಿಗೆ ತಲೆಗೆ ಪೆಟ್ಟು, ಇನ್ನೊಬ್ಬರು ಮನೆಯ ಹಿರಿಯರ ಮಾತ್ರೆ ನುಂಗಿ ಬಂದಿರುತ್ತಾರೆ. ಇವಳದ್ದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ. ಒಳಗೆ ಇನ್ಸುಲಿನ್ ಮಾಡುವ ಕಾರ್ಖಾನೆಯೇ ಮುಚ್ಚಿ ಹೋಗಿತ್ತು, ಗೊತ್ತಾಗುವಷ್ಟರಲ್ಲಿ ರಕ್ತ ಹುಳಿಯಾಗಿ ಮೆದುಳು ಬಾತುಕೊಂಡಿತು. ಅದು ಅಜ್ಜಿಯ ಮನೆಗೆ ಬರುವ ಮೊದಲೇ ಶುರುವಾದದ್ದು, ಪಾನಕದಿಂದ ಬಂದದ್ದಲ್ಲ ಎಂದರಂತೆ. "ಪಾನಕದಿಂದ ಬೇಗ ಏರಿತೋ" ಎಂದು ಅಪ್ಪ ಕೇಳಿದ್ದಕ್ಕೆ, "ಏರಿರಬಹುದು" ಎಂದರಂತೆ. ಸುಳ್ಳು ಹೇಳದ ಡಾಕ್ಟರು. ಒಳ್ಳೆಯವರು.

ಎದ್ದರೆ ಹೇಗಿರುತ್ತಾಳೆ ಎಂದು ಕೇಳಿದ್ದಕ್ಕೆ, ಕೆಲವು ಮಕ್ಕಳು ಎದ್ದು ಓಡುತ್ತವೆ, ಕೆಲವು ಎಲ್ಲವನ್ನೂ ಮೊದಲಿನಿಂದ ಕಲಿಯುತ್ತವೆ, ಕೆಲವು ಏಳುವುದಿಲ್ಲ, ಯಾವುದೆಂದು ಈಗ ಹೇಳಲಾರೆ ಎಂದರಂತೆ.

ಪಾನಕದ ಮಡಕೆಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದ್ದೇನೆ. ಕಾಶಿಗೆ ಹೋದವರು ಇಷ್ಟದ್ದೊಂದನ್ನು ಬಿಟ್ಟು ಬರುತ್ತಾರಲ್ಲ, ಹಾಗೆ ದೇವರ ಮುಂದೆ ನಾನು ಬೆಲ್ಲ ಬಿಟ್ಟೆ. ತಿನ್ನುವುದೂ ಇಲ್ಲ, ಕೈಯಲ್ಲಿ ಮುಟ್ಟುವುದೂ ಇಲ್ಲ. ಹೋಟೆಲಿನ ಸಾಂಬಾರಿಗೆ ಅಡುಗೆಯ ಹನುಮಂತನೇ ಹಾಕಿಕೊಳ್ಳಲಿ. ಈ ಕೈಯಿಂದ ಯಾವ ಮಗುವಿನ ಬಾಯಿಗೂ ಇನ್ನು ಸಿಹಿ ಹೋಗುವುದು ಬೇಡ.

ಇವತ್ತು ಮೊಸರನ್ನ. ಅದಾದರೂ ಗಂಟಲಲ್ಲಿ ಇಳಿದೀತು.

ಅಮ್ಮ


ಆಸ್ಪತ್ರೆ
ಮೇ 29, 2024

ಅಮ್ಮ,

ಊಟ ಕಳಿಸಬೇಡ. ನಿತಿನ್ ಕ್ಯಾಂಟೀನಿನಿಂದ ಏನಾದರೂ ತರುತ್ತಾರೆ. ನಿನ್ನ ಸಾರಿನ ವಾಸನೆ ಬಂದರೆ ನನಗೆ ಅಳು ಬರುತ್ತದೆ, ಇಲ್ಲಿ ಅತ್ತರೆ ಸಿಸ್ಟರ್ ಹೊರಗೆ ಕಳಿಸುತ್ತಾಳೆ.

ಚೈತ್ರಾ ಹಾಗೇ ಇದ್ದಾಳೆ. ಬಾಯಲ್ಲಿ ಕೊಳವೆ. ಮೆಷಿನ್ ಉಸಿರಾಡಿಸುತ್ತದೆ. ಸಕ್ಕರೆ ಈಗ ಸರಿ ಇದೆಯಂತೆ, ಮೆದುಳಿನ ಬಾವು ಇಳಿಯಬೇಕಂತೆ. ಮಾತಾಡುತ್ತ ಇರಿ, ಮನೆಯ ಮಾತು ಕಿವಿಗೆ ಬೀಳಲಿ ಎಂದು ಸಿಸ್ಟರ್ ಹೇಳಿದಳು. ಎರಡು ದಿನ ಕುಳಿತೆ. ಏಳು, ಏಳು ಎಂದು ಎಷ್ಟು ಸಲ ಹೇಳುವುದು? ಕೊನೆಗೆ ಪರ್ಸಿನಲ್ಲಿದ್ದ ನಿನ್ನ ಕಾಗದ ತೆಗೆದು ಅದನ್ನೇ ಓದಿದೆ. ಮಾವಿನಹಣ್ಣಿನ ಕಳ್ಳಿ ಎನ್ನುವಲ್ಲಿಂದ ಮುಂದೆ ಓದಲಿಕ್ಕೆ ಆಗಲಿಲ್ಲ.

ನೀನು ಅವಳಿಗೇ ಬರೆ. ನನಗೆ ಬೇಡ.

ನಮಿತಾ


ಮಣಿನಗರ
ಮೇ 31, 2024

ಚೈತೂ ಪುಟ್ಟಾ,

ಇದನ್ನು ನಿನ್ನ ಅಮ್ಮ ನಿನ್ನ ಕಿವಿಯ ಹತ್ತಿರ ಓದುತ್ತಾಳೆ. ಅವಳು ತಡವರಿಸಿದರೆ ನಗಬೇಡ. ಗುಜರಾತಿ ಶಾಲೆಯಲ್ಲಿ ಓದಿದವಳು, ಕನ್ನಡ ಅಕ್ಷರವನ್ನು ನಾನೇ ರುಬ್ಬುವ ಕಲ್ಲಿನ ಪಕ್ಕ ಕೂರಿಸಿ ಕಲಿಸಿದ್ದು. 'ಳ' ಬರೆಯುವಾಗ ಈಗಲೂ ನಾಲಿಗೆ ಹೊರಗೆ ಹಾಕುತ್ತಾಳೆ, ನೋಡು ಬೇಕಾದರೆ.

ಇಲ್ಲಿಯ ಸಮಾಚಾರ ಕೇಳು. ನೀನು ಕಾಯಿಚೂರು ಹಾಕಿ ಸಲಿಗೆ ಕೊಟ್ಟ ಅಳಿಲು ಈಗ ಗಲ್ಲಾಪೆಟ್ಟಿಗೆಯ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಅಜ್ಜ ಅದನ್ನು ಓಡಿಸುವುದಿಲ್ಲ, "ಪುಟ್ಟಿ ಬಂದು ಲೆಕ್ಕ ಕೇಳಿದರೆ ನಾನು ಎಂತ ಹೇಳುದು" ಅನ್ನುತ್ತಾರೆ. ಹನುಮಂತ ನಿನ್ನ ಹೆಸರಿನ ದೋಸೆ ಹುಯ್ಯುತ್ತೇನೆ ಎಂದು ಹೊರಟು ಹಪ್ಪಳದ ಹಾಗೆ ಸುಟ್ಟು ಹಾಕಿದ. ಅಕ್ಕಿಚೀಲದ ಹಿಂದೆ ನಿನ್ನ ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ಎಲ್ಲಿ ಅಡಗಿಸಿದ್ದೀ ಎಂದು ನೀನೇ ಬಂದು ಹೇಳಬೇಕು. ಬೈಯುವುದಿಲ್ಲ, ದೇವರಾಣೆ.

ಪಕ್ಕದ ಪಾನಿನಂಗಡಿಯ ಕಾಕಾ ದಿನಾ ಕೇಳುತ್ತಾರೆ, "ಲೋಟ ತುಂಬುವ ಬೇಬಿ ಎಲ್ಲಿ?" ಅಂತ. ಮಲಗಿದ್ದಾಳೆ, ಏಳುತ್ತಾಳೆ ಎಂದೆ. ನನ್ನ ಮಾತು ಉಳಿಸುವುದು ನಿನ್ನ ಕೈಯಲ್ಲಿದೆ ಮಾರಾಯ್ತಿ. ನೀನು ಹಟಮಾರಿ ಎಂದು ಎಲ್ಲರೂ ಹೇಳುವಾಗ ನಾನೊಬ್ಬಳೇ ಅಲ್ಲವೆಂದು ಜಗಳಾಡುತ್ತಿದ್ದೆ. ಈಗ ಸ್ವಲ್ಪ ಹಟ ಮಾಡು. ಅಜ್ಜಿ ಬೇಡಿಕೊಳ್ಳುತ್ತಾಳೆ, ಏಳು ಮಗಾ.

ಅಜ್ಜಿ


ಆಸ್ಪತ್ರೆ
ಜೂನ್ 9, 2024

ಅಮ್ಮ,

ಕಣ್ಣು ತೆರೆದಳು.

ಸಿನಿಮಾದಲ್ಲಿ ತೋರಿಸುವ ಹಾಗಲ್ಲ. ತೆರೆದ ಕಣ್ಣು ಛಾವಣಿಯ ಮೇಲೆ. ನಾನು ಎದುರು ನಿಂತರೂ ನನ್ನನ್ನು ದಾಟಿ ನೋಡುತ್ತಾಳೆ. ಕೋಮಾದಿಂದ ಹೊರಗೆ ಬರುವುದು ಬಾಗಿಲು ದಾಟಿದ ಹಾಗಲ್ಲ, ಕತ್ತಲ ಓಣಿಯಲ್ಲಿ ನಡೆದು ಬಂದ ಹಾಗೆ, ಸಮಯ ಹಿಡಿಯುತ್ತದೆ ಎಂದು ಡಾಕ್ಟರ್ ಮಂಥನ್ ಹೇಳಿದರು. ಕೊಳವೆ ತೆಗೆದಿದ್ದಾರೆ, ಉಸಿರು ಅವಳದ್ದೇ. ನಿತಿನ್ ಆ ಉಸಿರು ಕೇಳಲಿಕ್ಕೆಂದೇ ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಾರೆ.

ನಿನ್ನ ಅಳಿಲಿನ ಕಾಗದವನ್ನು ದಿನಾ ಓದುತ್ತೇನೆ. ಇವತ್ತು ಚಪ್ಪಲಿಯ ಮಾತು ಬಂದಾಗ ಬಲಗೈಯ ಬೆರಳು ಅಲ್ಲಾಡಿತು. ಸಿಸ್ಟರ್ ಅದು ಸುಮ್ಮನೆ ಎಂದಳು. ಇರಬಹುದು.

ನಾಳೆ ತಿಳಿಸಾರು ಕಳಿಸು, ಸ್ವಲ್ಪವೇ.

ನಮಿತಾ


ಮಣಿನಗರ
ಜುಲೈ 12, 2024

ನಮಿತಾ,

ವಡೋದರಾಕ್ಕೆ ಹೋಗಿ ಸೇರಿದಿರಿ ಎಂದು ನಿತಿನ್ ಅಪ್ಪನಿಗೆ ಹೇಳಿದ. ಮಕರಪುರದಲ್ಲಿ ನಿತಿನನ ಅಕ್ಕ ರಚನಾಳ ಮನೆ ಇರುವುದು, ನಡಿಗೆ ಮಾತು ಕಲಿಸುವ ಆಸ್ಪತ್ರೆ ಅಲ್ಲೇ ಹತ್ತಿರ ಸಿಕ್ಕಿದ್ದು ದೊಡ್ಡ ಪುಣ್ಯ. ನನ್ನ ಊರಿನಲ್ಲಿ ಇಷ್ಟು ಆಸ್ಪತ್ರೆಗಳಿರುವಾಗ ಅಲ್ಲಿಗೇಕೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಕೇಳುವುದೂ ಇಲ್ಲ.

ಹೋಗುವ ದಿನ ಸ್ಟೇಷನ್ನಿನಲ್ಲಿ ಕಂಬದ ಹಿಂದೆ ನಿಂತಿದ್ದೆ. ನಿತಿನನ ಹೆಗಲ ಮೇಲೆ ಅವಳ ತಲೆ ಕಂಡಿತು. ಕೂದಲು ಕತ್ತರಿಸಿದ್ದೀರಿ. ಬಂದು ಮುಟ್ಟಬೇಕೆನ್ನಿಸಿತು. ಗಾಡಿ ಬಂತು.

ಒಂದು ದಿನದ ಮಟ್ಟಿಗೆ ಬರಲೇ? ಬೆಳಿಗ್ಗೆ ಬಂದು ಸಂಜೆಗೆ ತಿರುಗುತ್ತೇನೆ. ಅವಳಿಗೆ ಏನೂ ತರುವುದಿಲ್ಲ, ಬರಿಗೈಯಲ್ಲಿ ಬರುತ್ತೇನೆ.

ಅಮ್ಮ


ಮಕರಪುರ, ವಡೋದರಾ
ಸೆಪ್ಟೆಂಬರ್ 6, 2024

ಅಮ್ಮ,

ಉತ್ತರ ತಡವಾಯಿತು. ಮೊದಲು ಬರೆಯಲು ಮನಸ್ಸಿರಲಿಲ್ಲ, ಆಮೇಲೆ ನೆರೆ ಬಂತು. ವಿಶ್ವಾಮಿತ್ರಿ ಉಕ್ಕಿ ನಮ್ಮ ಓಣಿಗೂ ಮೊಣಕಾಲುದ್ದ ನೀರು. ಕರೆಂಟು ಇಲ್ಲ, ಫ್ರಿಜ್ ಇಲ್ಲ, ಅದರಲ್ಲಿ ಚೈತ್ರಾಳ ಇನ್ಸುಲಿನ್. ಅದು ಕೆಟ್ಟರೆ ಅವಳು ಮತ್ತೆ ಅಲ್ಲಿಗೇ ಹೋಗುತ್ತಾಳೆ ಎಂದು ಹೆದರಿದೆ. ಡಾಕ್ಟರಿಗೆ ಫೋನು ಮಾಡಿದರೆ ನಕ್ಕರು. ಹೊಸ ಮಡಕೆಯನ್ನು ನೀರಲ್ಲಿ ನೆನೆಸಿ, ಒಳಗೆ ಬಾಟಲಿಗೆ ನೀರು ತಾಗದ ಹಾಗೆ ಇಟ್ಟು, ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ ಎಂದರು. ರಚನಕ್ಕನ ಮನೆಯಲ್ಲಿ ಮಡಕೆ ಎಲ್ಲಿಂದ? ಪಕ್ಕದ ಮನೆಯಿಂದ ಬೇಡಿ ತಂದೆವು. ಒಳಗೆ ಕೈ ಹಾಕಿ ತಂಪು ನೋಡುವಾಗ ನಿನ್ನ ಮಡಕೆಯ ನೆನಪಾಯಿತು.

ಈಗ ಅವಳು ಗೋಡೆ ಹಿಡಿದು ನಡೆಯುತ್ತಾಳೆ. ಎಡಗೈ ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ಮಾತು ಒಂದೊಂದೇ ಬರುತ್ತಿದೆ, ಹೆಚ್ಚಿನದು ಗುಜರಾತಿಯಲ್ಲಿ. ಚಮಚ ಎನ್ನಲಿಕ್ಕೆ ಹೋಗಿ ಬಾಚಣಿಗೆ ಅನ್ನುತ್ತಾಳೆ, ತಪ್ಪೆಂದು ತಿಳಿದು ಸಿಟ್ಟು ಮಾಡುತ್ತಾಳೆ. ಸಿಟ್ಟು ಬಂದರೆ ನನಗೆ ಖುಷಿ. ಬೇಸಿಗೆಯಲ್ಲಿ ಅಜ್ಜಿಯ ಮನೆಗೆ ಹೋದದ್ದೇ ಅವಳಿಗೆ ನೆನಪಿಲ್ಲ. ಆ ಇಡೀ ತಿಂಗಳು ಒರೆಸಿ ಹೋಗಿದೆ.

ನೀನು ಬರಲೇ ಎಂದು ಕೇಳಿದ್ದೆ. ಬೇಡ ಅಮ್ಮ, ಈಗ ಬೇಡ. ನಿನ್ನನ್ನು ಕಂಡರೆ ನಾನು ಜಗಳವಾಡುತ್ತೇನೋ ತೊಡೆಯ ಮೇಲೆ ಬಿದ್ದು ಅಳುತ್ತೇನೋ ನನಗೇ ಗೊತ್ತಿಲ್ಲ. ಎರಡನ್ನೂ ಅವಳ ಎದುರು ಮಾಡಲಾರೆ.

ನಮಿತಾ


ಮಣಿನಗರ
ನವೆಂಬರ್ 6, 2024

ನಮಿತಾ,

ಇವತ್ತು ಲಾಭ ಪಾಂಚಮ, ಬೆಳಿಗ್ಗೆ ಹೋಟೆಲಿನ ಬಾಗಿಲು ತೆರೆದೆವು. ದೀಪಾವಳಿಗೆ ಅಪ್ಪ ಒಬ್ಬರೇ ಅಲ್ಲಿಗೆ ಬಂದಾಗ, ವ್ಯಾಪಾರ ಬಿಟ್ಟು ನಿನ್ನ ಅಮ್ಮ ಇಂದಿರಾಳಿಗೆ ಬರಲಿಕ್ಕಾಗಲಿಲ್ಲ ಎಂದರಂತೆ. ಎಂಥ ವ್ಯಾಪಾರ? ದೀಪಾವಳಿಯಿಂದ ಇವತ್ತಿನವರೆಗೆ ಮಣಿನಗರದಲ್ಲಿ ಅರ್ಧ ಬೀದಿಗೆ ಬೀಗ, ನಮ್ಮದಕ್ಕೂ ಬೀಗ. ನೀನು ಬೇಡ ಎಂದಿದ್ದೆ, ಅದಕ್ಕೆ ಬರಲಿಲ್ಲ. ಅವರಿಗೆ ಸುಳ್ಳು ಹೇಳಲಿಕ್ಕೂ ಸರಿಯಾಗಿ ಬರುವುದಿಲ್ಲ.

ಅಪ್ಪ ತಿರುಗಿ ಬಂದು ಎಲ್ಲವನ್ನೂ ಹೇಳಿದರು, ಎರಡೆರಡು ಸಲ ಹೇಳಿಸಿಕೊಂಡೆ. ಅವರ ಕೈ ಹಿಡಿದು ಅಂಗಳದವರೆಗೆ ನಡೆದಳಂತೆ. ಊಟಕ್ಕೆ ಮೊದಲು ಸೂಜಿಗೆ ತಾನೇ ಹೊಟ್ಟೆ ಒಡ್ಡಿದಳಂತೆ, ಇವರು ಮುಖ ತಿರುಗಿಸಿದ್ದಕ್ಕೆ ನಕ್ಕಳಂತೆ. ಹೊರಡುವಾಗ "ಅಜ್ಜಿ ಕ್ಯಾಂ ಛೆ?" ಎಂದು ಕೇಳಿದಳಂತೆ. ಅಜ್ಜಿ ಎಲ್ಲಿ ಎಂದು ಕೇಳಿದಳು ನಮಿತಾ. ಮರೆತಿಲ್ಲ. ಆ ಒಂದು ಮಾತಿಗೆ ನಾನು ಹಬ್ಬದ ಎಣ್ಣೆಸ್ನಾನ ಮಾಡಿದ ಹಾಗಾಯಿತು.

ಅಪ್ಪನ ಕೈಯಲ್ಲಿ ಕಳಿಸಿದ ಮಡಕೆ ಅಟ್ಟದ ಮೇಲಿದ್ದದ್ದೇ. ಪರರ ಮನೆಯ ಮಡಕೆಯಲ್ಲಿ ಮಗುವಿನ ಔಷಧಿ ಯಾಕೆ? ಇದು ಹಳೆಯದಾದರೂ ತಂಪು ಹಿಡಿಯುತ್ತದೆ. ಬೆಲ್ಲದ ವಾಸನೆ ಹೋಗಲೆಂದು ಹುಣಿಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಇಟ್ಟೇ ಕಳಿಸಿದೆ.

ಅಮ್ಮ


ಹಜೀರಾ ಕಾಲನಿ, ಸೂರತ್
ಮಾರ್ಚ್ 3, 2025

ಅಮ್ಮ,

ನಾವು ನಮ್ಮ ಮನೆಗೆ ಬಂದು ತಿಂಗಳಾಯಿತು. ಚೈತ್ರಾ ಶಾಲೆಗೆ ಹೋಗುತ್ತಿದ್ದಾಳೆ, ಅದೇ ಕ್ಲಾಸಿನಲ್ಲಿ ಇನ್ನೊಂದು ಸಲ. ಅವಳ ಗೆಳತಿಯರೆಲ್ಲ ಮುಂದೆ ಹೋಗಿದ್ದಾರೆ. ಮೊದಲ ದಿನ ಅತ್ತಳು, ಎರಡನೆಯ ದಿನ ಹೊಸಬಳೊಬ್ಬಳಿಗೆ ತನ್ನ ಹೊಟ್ಟೆಯ ಸೂಜಿಗುರುತು ತೋರಿಸಿ ಗೆಳೆತನ ಮಾಡಿಕೊಂಡು ಬಂದಳು. ನಡಿಗೆ ಸ್ವಲ್ಪ ಎಡಕ್ಕೆ ವಾಲುತ್ತದೆ. ಲೆಕ್ಕ ನಿಧಾನ. ಇಷ್ಟಕ್ಕೆ ಬಂದದ್ದೇ ಹೆಚ್ಚು ಎನ್ನುತ್ತಾರೆ ಡಾಕ್ಟರು, ನನಗೂ ಕೆಲವು ದಿನ ಹಾಗನ್ನಿಸುತ್ತದೆ. ಕೆಲವು ದಿನ ಹಳೆಯ ಚೈತ್ರಾಳನ್ನು ನೆನೆದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳುತ್ತೇನೆ.

ಬ್ಯಾಂಕಿಗೆ ನಾನು ಮರಳಿ ಹೋಗುತ್ತಿದ್ದೇನೆ. ಮೇ ರಜೆಯಲ್ಲಿ ಅವಳನ್ನು ನೋಡಿಕೊಳ್ಳುವವರು ಬೇಕು. ನಿನ್ನ ಹತ್ತಿರ ಬಿಡಬೇಕೆಂದಿದ್ದೇನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನೀನೇ ಹೇಳಿಕೊಟ್ಟದ್ದು. ಕಾರಿಡಾರಿನಲ್ಲಿ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ. ಅದಕ್ಕೇ ಮಗಳನ್ನು ಕಳಿಸುತ್ತೇನೆ.

ನಮಿತಾ


ಮಣಿನಗರ
ಮಾರ್ಚ್ 15, 2025

ನಮಿತಾ,

ನಿನ್ನ ಕಾಗದ ಓದಿ ದೇವರ ಮುಂದೆ ಇಟ್ಟೆ. ಆಮೇಲೆ ತೆಗೆದು ಮತ್ತೆ ಓದಿದೆ.

ಬೇಡ ಮಗಳೇ. ನನ್ನ ಹತ್ತಿರ ಬಿಡಬೇಡ. ನೋಡಬೇಕೆಂಬ ಆಸೆ ಇಲ್ಲವೆಂದಲ್ಲ, ಆಸೆಗೆ ಒಂದು ವರ್ಷದಿಂದ ಅನ್ನ ಹಾಕಿಲ್ಲ ಅಷ್ಟೇ. ಆದರೆ ಆ ಮಗು ನನ್ನ ಕಣ್ಣೆದುರೇ ಕರಗಿ ಹೋಗುತ್ತಿದ್ದಾಗ ನಾನು ನಗುತ್ತ ಲೋಟ ತುಂಬಿಸಿದವಳು. ಈಗ ಸೂಜಿ, ಬೆರಳು ಚುಚ್ಚುವ ಮೆಷಿನ್ನು, ಏರಿತು, ಇಳಿಯಿತು, ಇಷ್ಟೆಲ್ಲ ಉಂಟು. ಇಳಿದರೆ ತಕ್ಷಣ ಸಿಹಿ ಕೊಡಬೇಕು ಎಂದು ಅಪ್ಪ ಹೇಳಿದರು. ನಾನು ಸಿಹಿ ಮುಟ್ಟುವುದಿಲ್ಲವೆಂದು ಹೇಳಿ ಆಗಿದೆ. ನೀವೆಲ್ಲ ಬನ್ನಿ, ಒಂದು ವಾರ ಇರಿ, ದೂರದಲ್ಲಿ ಕೂತು ನೋಡುತ್ತೇನೆ. ಅವಳನ್ನು ನನ್ನೊಬ್ಬಳ ಕೈಗೆ ಕೊಡಬೇಡ. ನನಗೆ ಹೆದರಿಕೆ.

ಅಮ್ಮ


ಹಜೀರಾ, ಸೂರತ್
ಮಾರ್ಚ್ 27, 2025

ಅಮ್ಮ,

ಹೆದರುವವರ ಕೈಯಲ್ಲೇ ಅವಳು ಕ್ಷೇಮ. ಹೆದರಿಕೆ ಇಲ್ಲದೆ ಇದ್ದವರು ಹೋದ ವರ್ಷದ ನಾವು.

ಕಲಿಸುತ್ತೇನೆ. ಬೆವರು ಬಂದರೆ, ಮುಖ ಬಿಳಿಚಿದರೆ, ಕಾರಣವಿಲ್ಲದೆ ಸಿಟ್ಟು ಮಾಡಿದರೆ, ಕೈ ನಡುಗಿದರೆ ಸಕ್ಕರೆ ಇಳಿದಿದೆ. ಎಚ್ಚರ ಇರುವಾಗಲೇ ಸಿಹಿ ಕುಡಿಸಬೇಕು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಅವಳ ಚೀಲದಲ್ಲಿ ಗ್ಲೂಕೋಸ್ ಪುಡಿ ಇರುತ್ತದೆ. ನೀನು ಮುಟ್ಟದಿದ್ದರೆ ಅಪ್ಪ ಕಲಸಿ ಕೊಡಲಿ.

ರಜೆ ಶುರುವಾದ ಭಾನುವಾರ ಕರೆತರುತ್ತೇನೆ. ಬೇಡ ಎಂದು ಬರೆದರೆ ಆ ಕಾಗದ ಓದುವುದಿಲ್ಲ.

ನಮಿತಾ


ಮಣಿನಗರ
ಮೇ 19, 2025

ನಮಿತಾ,

ಮೊನ್ನೆ ಫೋನಿನಲ್ಲಿ "ಚೆನ್ನಾಗಿದ್ದಾಳೆ" ಎಂದೆ. ಅದು ನಿಜ. ಆದರೆ ಪೂರ್ತಿ ಹೇಳಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಗಾಡಿ ಹತ್ತುತ್ತೀ, ಅದಕ್ಕೆ ಬರೆಯುತ್ತಿದ್ದೇನೆ. ಕುಳಿತುಕೊಂಡು ಓದು.

ಶುಕ್ರವಾರ ಬೆಳಿಗ್ಗೆ ನೀನು ಹೇಳಿದ ಅಳತೆಗೆ ಸೂಜಿ ಹಾಕಿಯಾಯಿತು. ತಟ್ಟೆಯಲ್ಲಿ ಇಡ್ಲಿ ಇಟ್ಟುಕೊಂಡು ಹೋಟೆಲಿನ ಬಾಗಿಲ ಹತ್ತಿರ ಕುಳಿತಿದ್ದಳು. ಅಳಿಲು ಬಂತು. ತಾನು ತಿನ್ನಬೇಕಾದದ್ದನ್ನು ಪೂರಾ ಅದಕ್ಕೆ ಹಾಕಿದ್ದಾಳೆ, ನನಗೆ ತಿಳಿಯಲಿಲ್ಲ, ತಟ್ಟೆ ಖಾಲಿಯಾದದ್ದು ಮಾತ್ರ ನೋಡಿದೆ. ಆಮೇಲೆ ಅದರ ಹಿಂದೆ ಓಡಾಟ. ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಕರೆದೆ. ಬಂದಳು, ನೀರು ಕೊಟ್ಟರೆ ಲೋಟ ತಳ್ಳಿ ಬೀಳಿಸಿದಳು. ಏನು ಕೇಳಿದರೂ ಸಿಡಿಮಿಡಿ. ಬೈಯಬೇಕೆಂದು ಗಲ್ಲ ಹಿಡಿದೆ, ಗಲ್ಲ ತಣ್ಣಗೆ ಒದ್ದೆ. ಮೇಲ್ದುಟಿಯ ಮೇಲೆ ಬೆವರು. ಕಣ್ಣು ನನ್ನನ್ನು ದಾಟಿ ನೋಡುತ್ತಿತ್ತು. ಆ ಕಣ್ಣನ್ನು ನಾನು ಹೋದ ವರ್ಷ ಇಲ್ಲೇ ನೋಡಿದ್ದೇನೆ ನಮಿತಾ.

ಗ್ಲೂಕೋಸಿನ ಚೀಲ ಮಹಡಿಯ ಮನೆಯಲ್ಲಿ. ಹನುಮಂತ ಹಿಂದುಗಡೆ ಗ್ಯಾಸ್ ಇಳಿಸಿಕೊಳ್ಳುತ್ತಿದ್ದ. ಒಲೆಯ ಪಕ್ಕದಲ್ಲಿ ಸಾಂಬಾರಿಗೆ ಕರಗಿಸಿ ಸೋಸಿ ಇಟ್ಟ ಬೆಲ್ಲದ ನೀರಿನ ಪಾತ್ರೆ. ಒಂದು ವರ್ಷ ಅದರ ಹತ್ತಿರ ಹೋಗುವಾಗ ಸೆರಗು ಎಳೆದುಕೊಂಡು ಹೋದವಳು ನಾನು. ಆ ಹೊತ್ತಿಗೆ ವ್ರತವೂ ನೆನಪಾಗಲಿಲ್ಲ, ದೇವರೂ ನೆನಪಾಗಲಿಲ್ಲ. ಲೋಟವನ್ನೇ ಅದರೊಳಗೆ ಮುಳುಗಿಸಿ ತೆಗೆದು ನೀರು ಬೆರೆಸಿದೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಚೈತೂ, ನನ್ನನ್ನು ನೋಡು, ನುಂಗು ಮಗಾ, ನುಂಗು" ಎಂದೆ. ಮೊದಲ ಗುಟುಕು ನನ್ನ ಸೀರೆಗೆ. ಎರಡನೆಯದು ಒಳಗೆ ಹೋಯಿತು. ಅವಳ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಹನುಮಂತ ಮೆಷಿನ್ನು ತಂದ, ಬೆರಳು ಚುಚ್ಚಿ ನೋಡಿದೆ. ನಲವತ್ತೊಂಬತ್ತು, ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ್ದು. ಮತ್ತೆ ಕುಡಿಸಿದೆ. ಈಚೆಗೆ ನಾನು ಅಷ್ಟು ಜೋರಾಗಿ ಯಾರ ಹೆಸರನ್ನೂ ಕರೆದಿರಲಿಕ್ಕಿಲ್ಲ, ಗಿರಾಕಿಗಳೆಲ್ಲ ಕೈಯಲ್ಲಿ ದೋಸೆ ಹಿಡಿದು ಎದ್ದು ನಿಂತಿದ್ದರು.

ನಿಧಾನಕ್ಕೆ ಕಣ್ಣು ತಿರುಗಿ ನನ್ನ ಮುಖದ ಮೇಲೆ ಬಂತು. ಲೋಟದೊಳಗೆ ನೋಡಿದಳು. ನನ್ನನ್ನು ನೋಡಿದಳು. ಮುಖ ಗಂಟು ಹಾಕಿ, "ಅಜ್ಜಿ, ಆಮಾಂ ಆದು ನಥೀ" ಎಂದಳು.

ಇದರಲ್ಲಿ ಶುಂಠಿ ಇಲ್ಲ ಅಂತ.

ಆ ತಿಂಗಳು ಒರೆಸಿ ಹೋಗಿದೆ ಎಂದು ನೀನು ಬರೆದಿದ್ದೆ. ಅವಳ ಮುಂದೆ ಪಾನಕ ಎಂಬ ಮಾತನ್ನೇ ನಾವು ಎತ್ತಿಲ್ಲ. ಅವಳು ಅದನ್ನು ಮರೆತೇ ಇರಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ. ಆದರೆ ನಾಲಿಗೆ ಇಟ್ಟುಕೊಂಡಿದೆ. ರೋಗವನ್ನಲ್ಲ, ನನ್ನ ಶುಂಠಿಯನ್ನು. ನಾನು ಅವಳನ್ನು ಅಪ್ಪಿಕೊಂಡು ಅಂಗಡಿಯೆದುರೇ ಗೊಳೋ ಎಂದು ಅತ್ತೆ. ಅವಳು ಸೆರಗಿನಲ್ಲಿ ನನ್ನ ಮೂಗು ಒರೆಸಿದಳು, ಎಡಗೈಯಲ್ಲಿ. ಆಮೇಲೆ ಸಕ್ಕರೆ ಏರಿತು, ಇಡ್ಲಿ ತಿನ್ನಿಸಿದೆ, ಡಾಕ್ಟರ್ ಮಂಥನ್ ಭಾಯಿಗೆ ಅಪ್ಪ ಫೋನು ಮಾಡಿ ಹೇಳಿದರು. ಸರಿಯಾಗಿಯೇ ಮಾಡಿದ್ದೀರಿ, ಊಟದ ತಟ್ಟೆಯ ಮೇಲೆ ಮಾತ್ರ ಕಣ್ಣಿಡಿ ಎಂದರಂತೆ. ಇನ್ನು ಅಳಿಲಿಗೆ ಬೇರೆ ತಟ್ಟೆ.

ವ್ರತ ಮುರಿದೆನಲ್ಲ ಎಂದು ಮರುದಿನ ಮಠದ ಭಟ್ಟರ ಹತ್ತಿರ ಹೋಗಿ ಪ್ರಾಯಶ್ಚಿತ್ತ ಏನು ಎಂದು ಕೇಳಿದೆ. ಕತೆಯೆಲ್ಲ ಕೇಳಿ ಅವರು ಪಂಚಾಂಗ ತೆರೆಯಲೂ ಇಲ್ಲ. "ವೈಶಾಖ ಇನ್ನೂ ಉಂಟಲ್ಲ ಇಂದಿರಮ್ಮ, ಬಾಯಾರಿದವರಿಗೆ ಪಾನಕ ಕೊಡಿ" ಎಂದರು. ನಿನ್ನೆಯಿಂದ ಬಾಗಿಲಲ್ಲಿ ಸ್ಟೀಲಿನ ಕೊಳಗ ಇಟ್ಟಿದ್ದೇನೆ. ಸೌಟು ನಿನ್ನ ಮಗಳದ್ದೇ. ಕುಡಿಯುವುದು ಊರವರು ಮಾತ್ರ, ಅವಳಿಗೆ ಮಜ್ಜಿಗೆ. ಪಕ್ಕದ ಕಾಕಾ ಬಂದು ಒಂದು ಲೋಟ ಕುಡಿದು, ಅವಳ ತಲೆಯ ಮೇಲೆ ಕೈ ಇಟ್ಟು ಹೋದರು.

ಈಗ ಪೂರಾ ಹೇಳಿದ್ದೇನೆ. ನನ್ನ ಕಣ್ಣು ತಪ್ಪಿಯೇ ಅವಳಿಗೆ ಸಕ್ಕರೆ ಇಳಿದದ್ದು. ಕರೆದುಕೊಂಡು ಹೋಗುತ್ತೀಯಾದರೆ ಹೇಳು, ಬಟ್ಟೆ ಒಗೆದು ಮಡಚಿ ಇಡುತ್ತೇನೆ.

ಅಮ್ಮ


ಹಜೀರಾ, ಸೂರತ್
ಮೇ 22, 2025

ಅಮ್ಮ,

ಕುಳಿತುಕೊಂಡೇ ಓದಿದೆ. ಆಮೇಲೆ ನಿಂತು ಓದಿದೆ, ನಿತಿನ್ ಶಿಫ್ಟಿನಿಂದ ಬಂದ ಮೇಲೆ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ನನ್ನ ಹತ್ತಿರ ಇರುವಾಗ ಎಷ್ಟು ಸಲ ಇಳಿದಿದೆ ಎಂದು ನಿನಗೆ ಹೇಳಿಲ್ಲ, ಹೇಳಿದ್ದರೆ ನೀನು ಒಪ್ಪುತ್ತಲೇ ಇರಲಿಲ್ಲ. ಬಟ್ಟೆ ಮಡಚಬೇಡ. ಶಾಲೆ ತೆರೆಯುವವರೆಗೆ ಅವಳು ಅಲ್ಲೇ ಇರಲಿ.

ಭಾನುವಾರ ಬೆಳಗಿನ ಗಾಡಿಗೆ ನಾನು ಬರುತ್ತೇನೆ, ವೈಶಾಖ ಮುಗಿಯುವ ಮೊದಲು. ನೀನು ಕಳಿಸಿದ ಮಡಕೆ ತರುತ್ತಿದ್ದೇನೆ. ಸ್ಟೀಲಿನ ಕೊಳಗದಲ್ಲಿ ಪಾನಕ ತಂಪಾಗುವುದಿಲ್ಲ, ಅದು ನಿನಗೂ ಗೊತ್ತು.

ನನಗೂ ಒಂದು ಲೋಟ ಎತ್ತಿಡು. ಶುಂಠಿ ಜಾಸ್ತಿ ಹಾಕು.

ನಿನ್ನ
ನಮಿತಾ